ಸೋಲೋ ಯಾಕೆ ಕೇಳಿಸಲಿಲ್ಲ? ಸ್ಟೇಜಿನ ಮೇಲಿನ ಗಿಟಾರ್ ಪೆಡಲ್‌ಗಳ ಕಥೆ

ರಾಕ್ ಶೋ ನೋಡೋಕೆ ಹೋದಾಗ ನಮ್ಮೆಲ್ಲರ ಕಣ್ಣು ಗಿಟಾರಿಸ್ಟ್‌ನ ಬೆರಳುಗಳ ಮೇಲೇ ಇರುತ್ತೆ. ಮುಂದಿನ ಸಲ ಒಂದೈದು ನಿಮಿಷ ಅವರ ಕಾಲನ್ನು ಗಮನಿಸಿ. ಹಾಡುಗಾರ ನಿಲ್ಲಿಸಿ ಸೋಲೋ ಶುರುವಾಗೋ ಹೊತ್ತಿಗೆ ಕಾಲು ಒಂದು ಹೆಜ್ಜೆ ಮುಂದೆ ಬರುತ್ತೆ, ನೆಲದ ಮೇಲಿರೋ ಬಣ್ಣಬಣ್ಣದ ಡಬ್ಬಿಗಳಲ್ಲಿ ಒಂದನ್ನು ತುಳಿಯುತ್ತೆ, ಪುಟ್ಟ ಎಲ್‌ಇಡಿ ಹೊತ್ತಿಕೊಳ್ಳುತ್ತೆ. ಮರುಕ್ಷಣ ಅದೇ ಗಿಟಾರ್ ಬೇರೆ ದನಿಯಲ್ಲಿ ಮಾತಾಡುತ್ತೆ. ಆ ಡಬ್ಬಿಗಳೇ ಎಫೆಕ್ಟ್ಸ್ ಪೆಡಲ್‌ಗಳು.

ಫೆಸ್ಟ್ ಹತ್ತಿರ ಬಂತು ಅಂದ್ರೆ ಹಾಸ್ಟೆಲ್ಲಿನಲ್ಲಿ ಇದೇ ಚರ್ಚೆ. ಯಾವ ಪೆಡಲ್ ತಗೊಳ್ಳೋದು, ಸೆಕೆಂಡ್ ಹ್ಯಾಂಡ್ ಸಿಗುತ್ತಾ, ಎಷ್ಟಕ್ಕೆ? ನಾಲ್ಕು ತಿಂಗಳ ಪಾಕೆಟ್ ಮನಿ ಕೂಡಿಟ್ಟು ತಗೊಂಡ ಡಿಸ್ಟಾರ್ಷನ್ ರೂಮಿನಲ್ಲಿ ಮೈ ಜುಮ್ಮೆನ್ನೋ ಹಾಗೆ ಕೇಳುತ್ತೆ. ಅದನ್ನೇ ಸ್ಟೇಜಿಗೆ ತಂದರೆ, ಸೋಲೋ ನುಡಿಸ್ತಿರೋದು ಕಾಣಿಸುತ್ತೆ, ಕೇಳಿಸಲ್ಲ. ಆಮೇಲೆ ಎಲ್ಲರೂ ಸೇರಿ ಸೌಂಡ್ ಇಂಜಿನಿಯರ್‌ಗೆ ಬೈಯೋದು. ಪಾಪ, ಬಹಳಷ್ಟು ಸಲ ಅವರ ತಪ್ಪಿರಲ್ಲ. ಉತ್ತರ ನಮ್ಮ ಸಿಲಬಸ್ಸಿನಲ್ಲೇ ಇದೆ.

ಮೊದಲು ಡಿಸ್ಟಾರ್ಷನ್ ಅಂದ್ರೇನು ನೋಡೋಣ. ಪಿಕಪ್ಪಿನಿಂದ ಬರೋ ಸಿಗ್ನಲ್ ಮಿಲಿವೋಲ್ಟ್‌ಗಳ ಲೆಕ್ಕದ್ದು. ಪೆಡಲ್ ಅದನ್ನು ಚೆನ್ನಾಗಿ ಹಿಗ್ಗಿಸಿ, ಒಂದು ಮಿತಿ ದಾಟಿದ ಭಾಗವನ್ನು ಕತ್ತರಿಸಿ ಹಾಕುತ್ತೆ. ಇದೇ ಕ್ಲಿಪ್ಪಿಂಗ್. ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಡಯೋಡ್ ಇಟ್ಟು ಸೈನ್ ವೇವಿನ ತಲೆ ಚಪ್ಪಟೆ ಮಾಡಿ ಗ್ರಾಫ್ ಶೀಟಿನಲ್ಲಿ ಬರೆದಿದ್ದೀವಲ್ಲ, ಅದೇ ಪ್ರಯೋಗ. ತಲೆ ಚಪ್ಪಟೆಯಾದಾಗ ಮೂಲ ಸ್ವರದಲ್ಲಿ ಇಲ್ಲದ ಹಾರ್ಮೋನಿಕ್‌ಗಳು ಹುಟ್ಟುತ್ತವೆ, ದನಿ ಒರಟಾಗುತ್ತೆ.

ಈ ಒರಟುತನ ಮೊದಲಿಗೆ ಯಾರೂ ಬಯಸಿ ಮಾಡಿದ್ದಲ್ಲ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್‌ನ ಒಂದು ಹಾಡಿನ ರೆಕಾರ್ಡಿಂಗ್ ನಡೀತಿದ್ದಾಗ ಮಿಕ್ಸರ್ ಕೆಟ್ಟು ಗಿಟಾರ್ ದನಿ ಗೊರಗೊರ ಅನ್ನೋಕೆ ಶುರುವಾಯ್ತು. ಅದು ಕೇಳೋಕೆ ಮಜವಾಗಿದೆ ಅಂತ ಹಾಗೇ ಉಳಿಸಿಕೊಂಡರು. ಅಲ್ಲಿದ್ದ ಇಂಜಿನಿಯರ್ ಗ್ಲೆನ್ ಸ್ನಾಡಿ ಆ ದನಿಯನ್ನು ಬೇಕೆಂದಾಗ ಹುಟ್ಟಿಸೋ ಟ್ರಾನ್ಸಿಸ್ಟರ್ ಸರ್ಕ್ಯೂಟ್ ಕಟ್ಟಿದರು. 1962ರಲ್ಲಿ ಅದು ಮೇಸ್ಟ್ರೋ ಫಝ್-ಟೋನ್ ಅಂತ ಅಂಗಡಿಗೆ ಬಂತು. 1965ರಲ್ಲಿ ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ ಅದನ್ನು ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿನಲ್ಲಿ ಬಳಸಿದ ಮೇಲೆ ಎಲ್ಲರಿಗೂ ಅದೇ ಬೇಕಾಯ್ತು.

ಈಗ ನಮ್ಮ ಪ್ರಶ್ನೆಗೆ ಬರೋಣ. ಒಂದು ಕ್ಲಿಪ್ಪರ್ 0.6 ವೋಲ್ಟ್‌ಗೆ ಕತ್ತರಿಸುತ್ತೆ ಅಂದ್ಕೊಳ್ಳಿ. ಒಳಗೆ 1 ವೋಲ್ಟ್ ಕೊಟ್ಟರೆ ಹೊರಗೆ 0.6. ಸೋಲೋ ಬಂತು ಅಂತ ಅದರ ಮುಂದೆ ಒಂದು ಬೂಸ್ಟರ್ ಇಟ್ಟು ತುಳಿದು 2 ವೋಲ್ಟ್ ಕೊಟ್ಟರೂ ಹೊರಗೆ ಬರೋದು ಅದೇ 0.6! ಒರಟುತನ ಜಾಸ್ತಿಯಾಗುತ್ತೆ, ನೋಟ್ ಇನ್ನಷ್ಟು ಹೊತ್ತು ಎಳೆಯುತ್ತೆ, ಆದ್ರೆ ಸದ್ದು ಮಾತ್ರ ಹೆಚ್ಚೋದಿಲ್ಲ. ಅದೇ ಬೂಸ್ಟರನ್ನು ಕ್ಲಿಪ್ಪರ್ ಆದಮೇಲೆ ಇಟ್ಟರೆ 0.6 ಹೋಗಿ 1.2 ಆಗುತ್ತೆ, ಅಂದ್ರೆ 6 ಡೆಸಿಬೆಲ್ ಏರಿಕೆ. ಪೆಡಲ್ ಅದೇ, ದುಡ್ಡು ಅಷ್ಟೇ, ಬದಲಾಗಿದ್ದು ಪ್ಯಾಚ್ ಕೇಬಲ್ ಚುಚ್ಚಿದ ಜಾಗ. ಎಷ್ಟೋ ಬ್ಯಾಂಡ್‌ಗಳ ಕೇಳಿಸದ ಸೋಲೋ ಇಲ್ಲೇ ಕಳೆದುಹೋಗಿರುತ್ತೆ. ಆಂಪ್ಲಿಫೈಯರನ್ನೇ ಡಿಸ್ಟಾರ್ಷನ್‌ಗೆ ಇಟ್ಟುಕೊಂಡಿದ್ದರೂ ಇದೇ ಕಥೆ. ಆಗ ಬೂಸ್ಟರ್ ಇರಬೇಕಾದ್ದು ಆಂಪಿನ ಹಿಂದುಗಡೆ ಇರೋ ಎಫೆಕ್ಟ್ಸ್ ಲೂಪಿನಲ್ಲಿ.

ಸಿಗ್ನಲ್ಸ್ ಆಂಡ್ ಸಿಸ್ಟಮ್ಸ್ ಪೇಪರ್ ನೆನಪಿಸಿಕೊಳ್ಳಿ. ಎರಡು ಲೀನಿಯರ್ ಟೈಮ್ ಇನ್‌ವೇರಿಯಂಟ್ ಸಿಸ್ಟಮ್‌ಗಳನ್ನು ಸಾಲಾಗಿ ಜೋಡಿಸಿದರೆ ಯಾವುದು ಮೊದಲು ಅನ್ನೋದು ಮುಖ್ಯವಲ್ಲ, ಔಟ್‌ಪುಟ್ ಒಂದೇ. ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿ ಮರೆತ ಸಾಲು ಅದು. ಕ್ಲಿಪ್ಪಿಂಗ್ ಲೀನಿಯರ್ ಅಲ್ಲ. ಹಾಗಾಗಿ ಗಿಟಾರಿಸ್ಟ್‌ಗಳು ಗಂಟೆಗಟ್ಟಲೆ ಡಬ್ಬಿಗಳನ್ನು ಹಿಂದೆಮುಂದೆ ಮಾಡ್ತಾ ಕೂರೋದು.

ಡಿಲೇ ಪೆಡಲ್ ತಗೊಳ್ಳಿ. ನುಡಿಸಿದ್ದನ್ನು ಸ್ವಲ್ಪ ತಡವಾಗಿ, ಮೆಲ್ಲಗೆ ಮತ್ತೆ ಕೇಳಿಸೋದು ಅದರ ಕೆಲಸ. ನೋಟ್ 2 ವೋಲ್ಟ್, ಅದರ ಪ್ರತಿಧ್ವನಿ 1 ವೋಲ್ಟ್ ಇದೆ ಅನ್ನೋಣ. ಈ ಎರಡನ್ನೂ ನಮ್ಮ ಕ್ಲಿಪ್ಪರ್ ಒಳಗೆ ಕಳಿಸಿದರೆ ಎರಡೂ 0.6 ಆಗಿ ಹೊರಗೆ ಬರುತ್ತವೆ. ದೂರದಲ್ಲಿ ಕೇಳಬೇಕಿದ್ದ ಪ್ರತಿಧ್ವನಿ ಮುಂದಿನ ನೋಟಿನ ಮೈಮೇಲೇ ಬೀಳುತ್ತೆ. ಅದಕ್ಕೇ ಸಾಮಾನ್ಯವಾಗಿ ಡಿಸ್ಟಾರ್ಷನ್ ಮೊದಲು, ಡಿಲೇ ಆಮೇಲೆ.

ಇನ್ನೊಂದು ಮಜಾ ಇದೆ. ಎರಡು ಸ್ವರ ಒಟ್ಟಿಗೆ ಕ್ಲಿಪ್ ಆದಾಗ ಅವುಗಳ ಮೊತ್ತ, ವ್ಯತ್ಯಾಸದ ಫ್ರೀಕ್ವೆನ್ಸಿಗಳೂ ಹುಟ್ಟುತ್ತವೆ. ರಾಕ್‌ನಲ್ಲಿ ಎಲ್ಲೆಲ್ಲೂ ಕೇಳೋ ಪವರ್ ಕಾರ್ಡ್ ಅಂದ್ರೆ ನಮ್ಮ ಸ ಮತ್ತು ಪ, ಅಷ್ಟೇ. ಅವುಗಳ ಅನುಪಾತ 2:3, ವ್ಯತ್ಯಾಸ 1. ಅಂದ್ರೆ ಷಡ್ಜಕ್ಕಿಂತ ಒಂದು ಸ್ಥಾಯಿ ಕೆಳಗಿನ ಷಡ್ಜ ತಾನಾಗಿಯೇ ಸೇರಿಕೊಳ್ಳುತ್ತೆ. ಗಿಟಾರಿನ ದಪ್ಪ ತಂತಿಯ 82 ಹರ್ಟ್ಜ್ ಜೊತೆ ಅದರ ಪಂಚಮ 123 ಹರ್ಟ್ಜ್ ಮೀಟಿದರೆ 41 ಹರ್ಟ್ಜ್ ಉಚಿತ. ಅದಕ್ಕೇ ಅಷ್ಟು ಗುಡುಗು. ಅದೇ ಡಿಸ್ಟಾರ್ಷನ್ನಿನಲ್ಲಿ ಆರು ತಂತಿಯ ದೊಡ್ಡ ಕಾರ್ಡ್ ನುಡಿಸಿದರೆ ಹೊಸ ಫ್ರೀಕ್ವೆನ್ಸಿಗಳು ರಾಶಿ ಬಿದ್ದು ಕಲಸುಮೇಲೋಗರ ಆಗುತ್ತೆ.

ಈ ಸಾಲುಜೋಡಣೆಯನ್ನು ಸ್ಟೇಜಿನ ಮೇಲೆ ಕೇಳಬೇಕು ಅಂದ್ರೆ ಜಿಮಿ ಹೆಂಡ್ರಿಕ್ಸ್ 1969ರ ಆಗಸ್ಟ್ 18ರ ಬೆಳಗ್ಗೆ ವುಡ್‌ಸ್ಟಾಕ್‌ನಲ್ಲಿ ನುಡಿಸಿದ್ದನ್ನು ಹುಡುಕಿ ಕೇಳಿ. ನೆಲದ ಮೇಲೆ ಇದ್ದದ್ದು ಮೂರೇ ಪೆಡಲ್: ವಾಕ್ಸ್ ವಾ, ಫಝ್ ಫೇಸ್, ಯೂನಿವೈಬ್. ವಾ ಅಂದ್ರೆ ಕಾಲಿನಿಂದ ತೂಗಾಡಿಸೋ ಫಿಲ್ಟರ್. ಅದರ ಪೀಕ್ ಹಿಂದೆಮುಂದೆ ಸರಿದಂತೆ ಗಿಟಾರ್ ‘ವಾ... ವಾ...’ ಅಂತ ಬಾಯಿ ತೆರೆದು ಮುಚ್ಚುತ್ತೆ. ಯೂನಿವೈಬ್ ಜಪಾನಿನದ್ದು. ಒಳಗೊಂದು ಪುಟ್ಟ ಬಲ್ಬು ಮಿಣುಕುತ್ತಾ ಇರುತ್ತೆ, ಸುತ್ತಲಿನ ನಾಲ್ಕು ಫೋಟೋಸೆಲ್‌ಗಳ ರೆಸಿಸ್ಟೆನ್ಸ್ ಅದಕ್ಕೆ ತಕ್ಕಂತೆ ಬದಲಾಗಿ ಸಿಗ್ನಲ್ಲಿನ ಫೇಸ್ ಅಲೆಯಾಡುತ್ತೆ. ನೀರಿನೊಳಗಿಂದ ಬಂದ ಹಾಗಿರೋ ದನಿ. ಹೆಂಡ್ರಿಕ್ಸ್ ಇವನ್ನು ಬರೀ ಆನ್-ಆಫ್ ಮಾಡ್ತಿರಲಿಲ್ಲ. ಫಝ್ ಹಾಕಿಟ್ಟು ಗಿಟಾರಿನ ವಾಲ್ಯೂಮ್ ನಾಬ್ ಇಳಿಸಿದರೆ ದನಿ ತಿಳಿಯಾಗುತ್ತೆ, ಏರಿಸಿದರೆ ಕೆರಳುತ್ತೆ. ಅಂದ್ರೆ ಒಂದು ಪೆಡಲ್ಲಿನಲ್ಲಿ ಹತ್ತು ದನಿ. ಅಮೆರಿಕದ ರಾಷ್ಟ್ರಗೀತೆಯನ್ನು ಅವತ್ತು ಆತ ಬಾಂಬು, ಸೈರನ್ನುಗಳ ಸದ್ದಾಗಿ ಸೀಳಿ ನುಡಿಸಿದ್ದು ಈ ಸಣ್ಣ ಸೆಟಪ್ಪಿನಲ್ಲೇ.

ಸರಿ, ಬೂಸ್ಟರ್ ಸರಿಯಾದ ಜಾಗದಲ್ಲಿದೆ. ಆದ್ರೂ ಗಿಟಾರ್ ಮುಳುಗುತ್ತಿದೆ. ಯಾಕೆ? ಇದಕ್ಕೆ ಕಾರಣ ಕಿವಿ. ಕಡಿಮೆ ಸದ್ದಿನಲ್ಲಿ ನಮ್ಮ ಕಿವಿಗೆ ಬೇಸ್ ಮತ್ತು ತೀರಾ ಮೇಲಿನ ಟ್ರೆಬಲ್ ಸರಿಯಾಗಿ ಕೇಳಲ್ಲ. 1933ರಲ್ಲೇ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು ಗ್ರಾಫ್ ಹಾಕಿದ್ದರು. ರೂಮಿನಲ್ಲಿ, ವಾರ್ಡನ್ ಬರ್ತಾರೆ ಅಂತ ಮೆಲ್ಲಗೆ ನುಡಿಸುವಾಗ ನಾವೇನು ಮಾಡ್ತೀವಿ? ಬೇಸ್ ಏರಿಸಿ, ಟ್ರೆಬಲ್ ಏರಿಸಿ, ಮಿಡ್ ಇಳಿಸ್ತೀವಿ. ಒಬ್ಬರೇ ಕೇಳೋಕೆ ಭರ್ಜರಿ. ಸ್ಟೇಜಿನ ಮೇಲೆ ಆ ಬೇಸ್ ಜಾಗದಲ್ಲಿ ಬೇಸ್ ಗಿಟಾರ್, ಕಿಕ್ ಡ್ರಮ್ ಕೂತಿರ್ತವೆ. ಟ್ರೆಬಲ್ ಜಾಗದಲ್ಲಿ ಸಿಂಬಲ್‌ಗಳ ಜಾತ್ರೆ. ಗಿಟಾರಿಗೆ ಅಂತ ಉಳಿಯೋದು ಮಧ್ಯದ ಜಾಗ, ಅದನ್ನೇ ನಾವು ಖಾಲಿ ಮಾಡ್ಕೊಂಡು ಬಂದಿರ್ತೀವಿ!

ಐಬನೆಜ್ ಟ್ಯೂಬ್ ಸ್ಕ್ರೀಮರ್ ಅನ್ನೋ ಹಸಿರು ಪೆಡಲ್ ಯಾಕೆ ಅಷ್ಟೊಂದು ಬೋರ್ಡ್‌ಗಳಲ್ಲಿ ಕಾಣುತ್ತೆ ಅನ್ನೋದಕ್ಕೂ ಇದೇ ಉತ್ತರ. ಒಂಟಿಯಾಗಿ ಕೇಳಿದರೆ ಅದು ಮೂಗಿನಿಂದ ಹಾಡಿದ ಹಾಗಿರುತ್ತೆ. ಅದರ ಸರ್ಕ್ಯೂಟು 720 ಹರ್ಟ್ಜ್‌ನ ಆಸುಪಾಸನ್ನು ಉಬ್ಬಿಸಿ ಕೆಳಗಿನ ಬೇಸನ್ನು ಹಿಂದಕ್ಕೆ ಸರಿಸುತ್ತೆ. ಬ್ಯಾಂಡ್ ಜೊತೆ ಬಂದಾಗ ಆ ಮೂಗಿನ ದನಿಯೇ ಎಲ್ಲರನ್ನೂ ದಾಟಿ ಮುಂದೆ ಬರುತ್ತೆ. ಸ್ಟೀವೀ ರೇ ವಾನ್ ಇದನ್ನು ಮೊದಲೇ ಜೋರಾಗಿದ್ದ ಆಂಪಿನ ಮುಂದೆ ಇಟ್ಟು ನುಡಿಸ್ತಿದ್ದರು. ಅಂಗಡಿಯಲ್ಲಿ ಪೆಡಲ್ ಟ್ರೈ ಮಾಡುವಾಗ ಇದೊಂದು ನೆನಪಿರಲಿ. ಅಲ್ಲಿ ಡ್ರಮ್ಮರ್ ಇರಲ್ಲ.

ಸಮಯದ ವಿಷಯ ಇನ್ನೂ ಸೂಕ್ಷ್ಮ. ಯು2 ತಂಡದ ದಿ ಎಡ್ಜ್ ನುಡಿಸೋದು ಬಹಳ ಕಡಿಮೆ ನೋಟ್, ಮಿಕ್ಕಿದ್ದನ್ನು ಡಿಲೇ ತುಂಬುತ್ತೆ. ಅವರಿಷ್ಟದ ಲೆಕ್ಕ ಡಾಟೆಡ್ ಎಯ್ಟ್, ಅಂದ್ರೆ ಒಂದು ಬೀಟ್‌ನ ಮುಕ್ಕಾಲು ಭಾಗ. ನಿಮಿಷಕ್ಕೆ 120 ಬೀಟ್ ಇದ್ದರೆ ಒಂದು ಬೀಟ್ 500 ಮಿಲಿಸೆಕೆಂಡ್, ಮುಕ್ಕಾಲು ಅಂದ್ರೆ 375. ಈಗ ಜನರ ಕೂಗಾಟಕ್ಕೆ ಉಬ್ಬಿ ಡ್ರಮ್ಮರ್ 126ಕ್ಕೆ ಏರಿದ ಅಂತಿಟ್ಟುಕೊಳ್ಳಿ (ಎಲ್ಲ ಡ್ರಮ್ಮರ್‌ಗಳೂ ಏರ್ತಾರೆ, ಕೇಳಿದರೆ ಒಪ್ಪಲ್ಲ). ಬೇಕಾದ ಡಿಲೇ 357, ಪೆಡಲ್ ಕೊಡ್ತಿರೋದು 375. ಮೊದಲ ಪ್ರತಿಧ್ವನಿ 18 ಮಿಲಿಸೆಕೆಂಡ್ ತಡ, ಎರಡನೆಯದು 36, ಮೂರನೆಯದು 54. ಮೂರನೇ ಸಲಕ್ಕೆ ತಾಳ ತಪ್ಪಿದ್ದು ಯಾರಿಗಾದರೂ ಗೊತ್ತಾಗುತ್ತೆ. ಅದಕ್ಕೇ ಟ್ಯಾಪ್ ಟೆಂಪೋ ಸ್ವಿಚ್: ಕಾಲಿನಲ್ಲಿ ತಾಳ ಹಾಕಿದರೆ ಪೆಡಲ್ ಸಮಯ ತಿದ್ದಿಕೊಳ್ಳುತ್ತೆ. ಇಲ್ಲಾಂದ್ರೆ ಡ್ರಮ್ಮರ್ ಕಿವಿಗೆ ಕ್ಲಿಕ್ ಹಾಕಬೇಕು.

ದೊಡ್ಡ ಸ್ಟೇಜಿನಲ್ಲಿ ಕೇಬಲ್ಲೂ ಒಂದು ಪೆಡಲ್ ಇದ್ದ ಹಾಗೆ. ಸಾಮಾನ್ಯ ಗಿಟಾರ್ ಕೇಬಲ್ಲಿಗೆ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಕೆಪ್ಯಾಸಿಟೆನ್ಸ್ ಇರುತ್ತೆ. ಪಿಕಪ್ಪಿನ ಇಂಡಕ್ಟೆನ್ಸ್ 2.5 ಹೆನ್ರಿ, ಅದರ ಸ್ವಂತ ಕೆಪ್ಯಾಸಿಟೆನ್ಸ್ 100 ಪಿಕೋಫ್ಯಾರಡ್ ಅಂತ ಹಿಡಿದು ರೆಸೊನೆನ್ಸ್ ಲೆಕ್ಕ ಹಾಕಿ. 5 ಮೀಟರ್ ಕೇಬಲ್ಲಿಗೆ 4.1 ಕಿಲೋಹರ್ಟ್ಜ್, 10 ಮೀಟರಿಗೆ 3 ಕಿಲೋಹರ್ಟ್ಜ್ ಬರುತ್ತೆ. ದನಿಯ ಹೊಳಪು ಅಷ್ಟು ಕೆಳಗಿಳೀತು. ಪರಿಹಾರ ಬಫರ್, ಹೈ ಇನ್‌ಪುಟ್ ಇಂಪೀಡೆನ್ಸ್, ಲೋ ಔಟ್‌ಪುಟ್ ಇಂಪೀಡೆನ್ಸ್ ಇರೋ ಒಂದು ಸಣ್ಣ ಸರ್ಕ್ಯೂಟ್. ಬಾಸ್ ಕಂಪನಿಯ ಬಹುತೇಕ ಚಿಕ್ಕ ಪೆಡಲ್‌ಗಳಲ್ಲಿ ಆಫ್ ಇದ್ದಾಗಲೂ ಬಫರ್ ಕೆಲಸ ಮಾಡ್ತಿರುತ್ತೆ. ಒಂದೇ ಎಚ್ಚರಿಕೆ: ಫಝ್ ಫೇಸ್ ಥರದ ಪೆಡಲ್‌ಗೆ ಮುಂದೆ ಬಫರ್ ಬಂದರೆ ಆಗಲ್ಲ. ಅದರ ಇನ್‌ಪುಟ್ ಇಂಪೀಡೆನ್ಸ್ ಕಡಿಮೆ, ಅದು ಪಿಕಪ್ಪನ್ನು ನೇರವಾಗಿ ನೋಡಬೇಕು. ಇಲ್ಲಾಂದ್ರೆ ಹೆಂಡ್ರಿಕ್ಸ್‌ನ ಆ ವಾಲ್ಯೂಮ್ ನಾಬ್ ಆಟ ನಡೆಯಲ್ಲ.

ದೊಡ್ಡ ತಂಡಗಳು ಪೆಡಲ್ ಇರೋ ಜಾಗಕ್ಕೇ ಬಂದು ನಿಲ್ಲಬೇಕು ಅನ್ನೋ ಕಷ್ಟವನ್ನೂ ಬಿಡಿಸಿಕೊಂಡಿವೆ. 2011ರ ಅಕ್ಟೋಬರ್ 30ರಂದು ನಮ್ಮ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದ ಮೆಟಾಲಿಕಾ ತಂಡದ ಕರ್ಕ್ ಹ್ಯಾಮೆಟ್‌ಗೆ ವಾ ಇಲ್ಲದೆ ಸೋಲೋ ಇಲ್ಲ. ಅವರ ವ್ಯವಸ್ಥೆಯಲ್ಲಿ ವಾ ಸರ್ಕ್ಯೂಟು ಇರೋದು ಸ್ಟೇಜಿನ ಹಿಂದಿನ ರ‍್ಯಾಕಿನಲ್ಲಿ. ಸ್ಟೇಜಿನ ಮೇಲೆ ಬೇರೆ ಬೇರೆ ಕಡೆ ಇಟ್ಟಿರೋದು ಅದನ್ನು ನಡೆಸೋ ಕಾಲುಮಣೆಗಳು ಮಾತ್ರ. ಎಲ್ಲಿಗೆ ಓಡಿದರೂ ಕಾಲಿಗೊಂದು ಸಿಗುತ್ತೆ. ಉಳಿದ ಪೆಡಲ್‌ಗಳನ್ನು ತೆರೆಮರೆಯ ಟೆಕ್ನಿಶಿಯನ್ನೇ ಬದಲಾಯಿಸೋದೂ ಉಂಟು.

ಇಷ್ಟೆಲ್ಲ ಬೇಕಾ ಅಂದ್ರೆ, ಬೇಡ. ರೇಜ್ ಅಗೇನ್ಸ್ಟ್ ದ ಮಷೀನ್‌ನ ಟಾಮ್ ಮೊರೆಲ್ಲೊ ವರ್ಷಗಟ್ಟಲೆ ಬೆರಳೆಣಿಕೆಯ ಅದೇ ಪೆಡಲ್‌ಗಳಲ್ಲಿ ನುಡಿಸಿದವರು: ಒಂದು ವಾ, ಒಂದು ವ್ಯಾಮಿ, ಒಂದು ಡಿಲೇ, ಒಂದು ಈಕ್ವಲೈಜರ್, ಒಂದು ಫೇಸರ್. ವ್ಯಾಮಿ ತುಳಿದರೆ ನೋಟ್ ಎರಡು ಸ್ಥಾಯಿ ಮೇಲಕ್ಕೆ ಜಿಗಿಯುತ್ತೆ. ಆ ಜಿಗಿತವನ್ನೇ ಹಿಡಿದು ಕಟ್ಟಿದ ಸೋಲೋಗಳು ಅವರವು. ಇನ್ನೊಂದು ಕಡೆ ನಮ್ಮೂರ ಗಣೇಶನ ಹಬ್ಬದ ಆರ್ಕೆಸ್ಟ್ರಾ ಗಿಟಾರಿಸ್ಟ್. ಒಂದೇ ರಾತ್ರಿ ರಾಜನ್-ನಾಗೇಂದ್ರರಿಂದ ಹಂಸಲೇಖ, ಅಲ್ಲಿಂದ ಇವತ್ತಿನ ಹಿಟ್‌ಗೆ ಹಾರಬೇಕು. ಅವರಿಗೆ ಬಿಡಿ ಪೆಡಲ್ ಕಟ್ಟಿಕೊಂಡರೆ ಆಗಲ್ಲ, ಒಂದು ಮಲ್ಟಿ ಎಫೆಕ್ಟ್ಸ್ ಪ್ರೊಸೆಸರಿನಲ್ಲಿ ಹಾಡಿಗೊಂದು ಪ್ಯಾಚ್ ಇಟ್ಟುಕೊಳ್ಳೋದೇ ಜಾಣತನ. ಕಾಲೇಜಿನಲ್ಲಿ ಮಲ್ಟಿ ಎಫೆಕ್ಟ್ಸ್ ಇರೋರನ್ನು ನೋಡಿ ಮೂಗು ಮುರಿಯೋದು ನನಗಂತೂ ಅರ್ಥ ಆಗಲ್ಲ.

ಕೊನೆಗೆ ಕರೆಂಟು. ಲೈಟಿಂಗಿನ ಡಿಮ್ಮರ್ ಮತ್ತು ಆಂಪು ಒಂದೇ ಲೈನಿನಲ್ಲಿದ್ದರೆ ಗುಂಯ್ ಅನ್ನೋ ಸದ್ದು ಗ್ಯಾರಂಟಿ, ಡಿಸ್ಟಾರ್ಷನ್ ತುಳಿದರೆ ಅದೂ ಹಿಗ್ಗುತ್ತೆ. ಒಂದೇ ಅಡಾಪ್ಟರಿನಿಂದ ಸರಪಳಿ ಹಾಕಿ ಎಲ್ಲ ಪೆಡಲ್‌ಗೂ 9 ವೋಲ್ಟ್ ಕೊಟ್ಟಾಗ ಡಿಜಿಟಲ್ ಡಿಲೇಯ ಗದ್ದಲ ಪಕ್ಕದ ಫಝ್‌ಗೆ ನುಗ್ಗೋದೂ ಇದೆ. ದುಡ್ಡಿದ್ದರೆ ಐಸೊಲೇಟೆಡ್ ಪವರ್ ಸಪ್ಲೈ, ಇಲ್ಲದಿದ್ದರೆ ಫಝ್‌ಗೆ ಮಾತ್ರ ಒಂದು ಬ್ಯಾಟರಿ. ಸೌಂಡ್‌ನವರ ಹತ್ತಿರ ಆಂಪಿಗೆ ಬೇರೆ ಲೈನ್ ಕೇಳಿ. ಆಂಪಿನ ಪ್ಲಗ್ಗಿನ ಅರ್ತ್ ಪಿನ್ ಕಿತ್ತು ಹಾಕಿದರೆ ಸದ್ದು ನಿಲ್ಲುತ್ತೆ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಬೆವರಿದ ಕೈಯಲ್ಲಿ ತಂತಿ, ಬಾಯಿ ಹತ್ತಿರ ಮೈಕು, ಶಾಕ್ ಹೊಡೆದರೆ ಜೀವಕ್ಕೇ ಕುತ್ತು.

ಸೌಂಡ್ ಚೆಕ್‌ಗೆ ಸಿಗೋ ಹತ್ತು ನಿಮಿಷದಲ್ಲಿ ಒಬ್ಬರೇ ನುಡಿಸಿ ಟೋನ್ ತಿದ್ದುತ್ತಾ ಕೂರಬೇಡಿ. ಅತಿ ಜೋರಿನ ಹಾಡನ್ನು ಪೂರ್ತಿ ಬ್ಯಾಂಡ್ ನುಡಿಸಲಿ, ಗೆಳೆಯನೊಬ್ಬ ಹೋಗಿ ಜನ ನಿಲ್ಲೋ ಜಾಗದಲ್ಲಿ ನಿಲ್ಲಲಿ, ನೀವು ಬೂಸ್ಟ್ ತುಳಿಯಿರಿ. ಅವನು ಹೆಬ್ಬೆರಳು ಎತ್ತುವ ತನಕ ಲೆವೆಲ್ ಏರಿಸಿ, ಸಿಕ್ಕ ಜಾಗಕ್ಕೆ ನಾಬ್ ಅಲುಗಾಡದ ಹಾಗೆ ಟೇಪ್ ಅಂಟಿಸಿ.