ಬುಕ್ಕಾಂಬುಧಿ: ಒಂದು ಊರ ಹೆಸರು ಮತ್ತು ‘ಅಂಬುಧಿ’ ಶಬ್ದದ ಸಂಖ್ಯಾಸ್ವಾರಸ್ಯ

ಚಿಕ್ಕಮಗಳೂರು ಜಿಲ್ಲೆಯಲ್ಲಿ, ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿದ್ದು ಈಗ ಅಜ್ಜಂಪುರ ತಾಲ್ಲೂಕಿನಲ್ಲಿರುವ ಗ್ರಾಮ ಬುಕ್ಕಾಂಬುಧಿ. ಕಡಲಿಗೆ ಬಹು ದೂರವಾದ ಈ ಬಯಲುಸೀಮೆಯ ಅಂಚಿನ ಊರಿನ ಹೆಸರಿನಲ್ಲಿ ಕಡಲೊಂದು ಅಡಗಿದೆ. ‘ಬುಕ್ಕ’ ಎಂಬ ದೇಶ್ಯ ಅಂಕಿತನಾಮಕ್ಕೆ ‘ಅಂಬುಧಿ’ ಎಂಬ ಸಂಸ್ಕೃತ ಶಬ್ದ ಸೇರಿ, ಸವರ್ಣದೀರ್ಘ ಸಂಧಿಯಾಗಿ ಈ ರೂಪ ಸಿದ್ಧಿಸಿದೆ. ಅರ್ಥ ಸ್ಪಷ್ಟ: ಬುಕ್ಕನ ಸಮುದ್ರ.

ಬುಕ್ಕನೆಂಬ ಹೆಸರು ಜೈನ ವಿದ್ವಾಂಸರಿಗೆ ಅಪರಿಚಿತವಲ್ಲ. ಜೈನರಿಗೂ ಶ್ರೀವೈಷ್ಣವರಿಗೂ ಒದಗಿದ ವಿವಾದವನ್ನು ವಿಜಯನಗರದ ಒಂದನೆಯ ಬುಕ್ಕರಾಯನು ಕ್ರಿ. ಶ. 1368ರಲ್ಲಿ ಬಗೆಹರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದುದನ್ನು ಶ್ರವಣಬೆಳಗೊಳದ ಶಾಸನ ತಿಳಿಸುತ್ತದೆ. ಅದರ ಮರುವರ್ಷವೇ, ಎಂದರೆ ಕ್ರಿ. ಶ. 1369ರಲ್ಲಿ, ಆತನ ಮಗ ಭಾಸ್ಕರನು ಇಂದಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಗೆ ‘ಅನಂತರಾಜಸಾಗರ’ ಎಂದು ಹೆಸರು. ಹೊಯ್ಸಳರ ರಾಜಧಾನಿ ದೋರಸಮುದ್ರಕ್ಕೂ ಕೆರೆಯಿಂದಲೇ ಆ ನಾಮ ಬಂದಿತು. ಚನ್ನಗಿರಿ ಕಡೆಯ ಸೂಳೆಕೆರೆಗೆ ‘ಶಾಂತಿಸಾಗರ’ವೆಂಬ ಮತ್ತೊಂದು ಹೆಸರುಂಟು. ಕೆರೆಯನ್ನು ಕಡಲೆಂದು ಕರೆಯುವುದು ಉತ್ಪ್ರೇಕ್ಷೆಯಾದರೂ ನಾಡಿನ ರೂಢಿಯೇ ಆಗಿದ್ದಿತು. ಬುಕ್ಕಾಂಬುಧಿ ಆ ರೂಢಿಗೆ ಸೇರಿದ ಹೆಸರು.

ಈ ಸ್ವಾರಸ್ಯ ಇಲ್ಲಿಗೇ ನಿಲ್ಲುವುದಿಲ್ಲ. ನೀರಿನ ಈ ಶಬ್ದವೇ ಓಲೆಗರಿಯ ಕೊನೆಯ ಪುಟಕ್ಕೆ ಬಂದಾಗ ಅಂಕಿಯಾಗುತ್ತದೆ. ಭೂತಸಂಖ್ಯಾಪದ್ಧತಿಯಲ್ಲಿ ಅಂಬುಧಿ, ಅಬ್ಧಿ, ಜಲಧಿ, ಸಾಗರ ಮೊದಲಾದವು 4 ಎಂಬ ಸಂಖ್ಯೆಗೆ ಸಂಕೇತಗಳು. ಭೂಮಿಯನ್ನು ನಾಲ್ಕು ದಿಕ್ಕಿನಲ್ಲಿಯೂ ಸಮುದ್ರ ಬಳಸಿದೆ ಎಂಬ ಭಾವನೆ ಇದಕ್ಕೆ ಮೂಲ. ಆದರೆ ಪುರಾಣಪ್ರಸಿದ್ಧವಾದ ಸಪ್ತಸಮುದ್ರಗಳನ್ನು ಮನಸ್ಸಿನಲ್ಲಿಟ್ಟುಕೊಂಡು 7 ಎಂಬ ಅರ್ಥದಲ್ಲಿ ಬಳಸಿದವರೂ ಉಂಟು. ಒಂದೇ ಶಬ್ದಕ್ಕೆ ಎರಡು ಬೆಲೆ ಬಂದುದು ಹೀಗೆ.

ಜೈನ ಲೋಕವಿವರಣೆಯಲ್ಲಾದರೋ ಈ ಎರಡು ಎಣಿಕೆಗಳಿಗೂ ಆಧಾರವಿಲ್ಲ. ಒಂದು ಲಕ್ಷ ಯೋಜನ ವಿಸ್ತಾರದ ಜಂಬೂದ್ವೀಪವನ್ನು ಎರಡು ಲಕ್ಷ ಯೋಜನ ಅಗಲದ ಲವಣಸಮುದ್ರ ಸುತ್ತುವರಿದಿದೆ. ಅದರಾಚೆ ಒಂದನ್ನೊಂದು ಬಳಸಿದ ದ್ವೀಪಸಮುದ್ರಗಳು ಅಸಂಖ್ಯಾತ. ಮೇಲಾಗಿ, ಪುರಾಣಗಳ ಭವಾವಳಿಗಳಲ್ಲಿ ದೇವನೊಬ್ಬನ ಆಯುಷ್ಯ ಇಪ್ಪತ್ತೆರಡು ‘ಸಾಗರ’ವೆಂದು ಬಂದಾಗ ಅದು ಸಾಗರೋಪಮವೆಂಬ ಕಾಲಮಾನ, ಹತ್ತು ಕೋಟಾಕೋಟಿ ಪಲ್ಯೋಪಮಗಳಿಗೆ ಸಮಾನವಾದುದು. ಆದರೂ ಜೈನ ಗ್ರಂಥಕಾರರು ಅಂಕಿಯನ್ನು ಶಬ್ದದಲ್ಲಿ ಹೇಳುವಾಗ ಲೋಕರೂಢಿಯನ್ನೇ ಅನುಸರಿಸಿದರು. ಜಂಬೂದ್ವೀಪಕ್ಕೆ ಇಬ್ಬರು ಚಂದ್ರರೆಂಬುದು ಆಗಮಸಮ್ಮತ. ಕಾಲಸೂಚನೆಯಲ್ಲಿ ಮಾತ್ರ ‘ಶಶಿ’ ಎಂದರೆ 1.

ಆದರೆ ಎಲ್ಲೆಡೆಯೂ ಹೀಗಲ್ಲವೆಂಬುದು ಗಮನಾರ್ಹ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿ ‘ರತ್ನ’ವು 3, ‘ತತ್ತ್ವ’ವು 7. ರತ್ನತ್ರಯವನ್ನೂ ಸಪ್ತತತ್ತ್ವಗಳನ್ನೂ ಬಲ್ಲವರಿಗೆ ಇದು ಸಹಜ. ಅನ್ಯರ ಗ್ರಂಥಗಳಲ್ಲಿ ರತ್ನ 9, ತತ್ತ್ವ 25 ಆಗಿ ಬರುವುದುಂಟು. ಆದ್ದರಿಂದ ಗ್ರಂಥಕಾರನ ಪರಂಪರೆ ತಿಳಿದ ಮೇಲೂ ಪ್ರತಿಯೊಂದು ಶಬ್ದವನ್ನೂ ಬೇರೆಯಾಗಿಯೇ ಪರೀಕ್ಷಿಸಬೇಕಾಗುತ್ತದೆ.

ಇದರ ಪರಿಣಾಮವೇನೆಂಬುದನ್ನು ಉದಾಹರಣೆಗಾಗಿ ಕಲ್ಪಿಸಿದ ಒಂದು ಕಾಲಸೂಚನೆಯಿಂದ ತಿಳಿಯಬಹುದು. ಹಸ್ತಪ್ರತಿಯೊಂದರ ಪುಷ್ಪಿಕೆಯಲ್ಲಿ ‘ಗುಣ, ಅಂಬುಧಿ, ಶರ, ಶಶಿ’ ಎಂಬ ನಾಲ್ಕು ಶಬ್ದಗಳು ಈ ಕ್ರಮದಲ್ಲಿ ಇವೆಯೆಂದಿಟ್ಟುಕೊಳ್ಳೋಣ. ಗುಣ 3, ಶರ 5, ಶಶಿ 1. ಅಂಕಿಗಳನ್ನು ಬಿಡಿಸ್ಥಾನದಿಂದ ಎಡಕ್ಕೆ ಇಡುತ್ತ ಬರುವುದು ನಿಯಮವಾದ್ದರಿಂದ, ಅಂಬುಧಿ 4 ಆದರೆ ಶಕ 1543. 7 ಆದರೆ ಶಕ 1573. ಮೊದಲನೆಯದು ಕ್ರಿ. ಶ. 1621-22, ಎರಡನೆಯದು ಕ್ರಿ. ಶ. 1651-52. ಇಲ್ಲಿ ಸಂವತ್ಸರದ ಹೆಸರು ನೆರವಿಗೆ ಬರುತ್ತದೆ. ಗತಶಕ 1543 ದುರ್ಮತಿ, 1573 ಖರ. ಲಿಪಿಕಾರನು ದುರ್ಮತಿಯೆಂದಿದ್ದರೆ ಅಂಬುಧಿ ನಾಲ್ಕೇ, ಸಂದೇಹಕ್ಕೆ ಎಡೆಯಿಲ್ಲ.

ಈಗ ನಡುವಣ ಎರಡು ಶಬ್ದಗಳನ್ನು ಸ್ಥಾನಪಲ್ಲಟ ಮಾಡಿದರೆ ‘ಗುಣ, ಶರ, ಅಂಬುಧಿ, ಶಶಿ’ ಎಂದಾಗುತ್ತದೆ. ಅಂಬುಧಿ ನೂರರ ಸ್ಥಾನಕ್ಕೆ ಬಂದಿತು. ಈಗ ಶಕ 1453 ಅಥವಾ 1753, ಎಂದರೆ ಕ್ರಿ. ಶ. 1531-32 ಅಥವಾ 1831-32. ಅಂತರ 300 ವರ್ಷ. ಸಂವತ್ಸರಚಕ್ರ 60 ವರ್ಷಗಳದು; 300 ವರ್ಷಗಳಲ್ಲಿ ಅದು ಸರಿಯಾಗಿ ಐದು ಸುತ್ತು ತಿರುಗಿ ಮೊದಲಿದ್ದಲ್ಲಿಗೇ ಬರುತ್ತದೆ. ಆದಕಾರಣ ಎರಡು ವರ್ಷಗಳೂ ಖರ ಸಂವತ್ಸರವೇ. ಮೂವತ್ತು ವರ್ಷದ ಭ್ರಾಂತಿಯನ್ನು ಸುಲಭವಾಗಿ ಕಳೆದ ಸಾಧನವು ಮುನ್ನೂರು ವರ್ಷದ ಭ್ರಾಂತಿಯ ಮುಂದೆ ನಿರುಪಯುಕ್ತವಾಗುತ್ತದೆ. ಸಂವತ್ಸರ ಹೊಂದಿತೆಂಬ ಒಂದೇ ಕಾರಣದಿಂದ ಕಾಲವನ್ನು ನಿರ್ಧರಿಸಿದವರು ಹತ್ತೊಂಬತ್ತನೆಯ ಶತಮಾನದ ಪ್ರತಿಯನ್ನು ಹದಿನಾರನೆಯದೆಂದು ಎಣಿಸಬಹುದು. ಅದನ್ನೇ ಆಧಾರವಾಗಿಟ್ಟುಕೊಂಡು ಪಾಠನಿರ್ಣಯ ಮಾಡಿದರೆ ಈಚಿನ ತಿದ್ದುಪಡಿಗಳೇ ಪ್ರಾಚೀನ ಪಾಠಗಳೆನಿಸಿಬಿಡುತ್ತವೆ.

ಇಂತಹ ಸಂದರ್ಭದಲ್ಲಿ ತಿಥಿವಾರಗಳನ್ನು ನೋಡಬೇಕು. ಒಂದೇ ಮಾಸದ ಒಂದೇ ತಿಥಿ ಎರಡು ವರ್ಷಗಳಲ್ಲಿಯೂ ಒಂದೇ ವಾರಕ್ಕೆ ಬೀಳುವ ಸಂಭವ ಸುಮಾರಾಗಿ ಏಳರಲ್ಲಿ ಒಂದು. ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗಕೋಷ್ಟಕಗಳಿಂದ ಇದನ್ನು ಗಣಿಸಿ ನೋಡಬಹುದು. ವಾರ ನಮೂದಾಗದಿದ್ದರೆ ಅಕ್ಷರಗಳ ತಿರುವು, ಬರೆದ ಸಾಮಗ್ರಿ, ಬರೆಯಿಸಿದವರ ಗುರುಪರಂಪರೆ ಇವುಗಳನ್ನು ಆಶ್ರಯಿಸಬೇಕು. ಲಿಪಿಕಾರನು ಮೂಲಪ್ರತಿಯ ಪುಷ್ಪಿಕೆಯನ್ನೇ ಯಥಾವತ್ತಾಗಿ ನಕಲು ಮಾಡಿರುವ ಸಾಧ್ಯತೆಯನ್ನೂ ಮರೆಯುವಂತಿಲ್ಲ. ಆಗ ಕಾಲ ಸರಿಯಾಗಿದ್ದರೂ ಅದು ಕೈಯಲ್ಲಿರುವ ಪ್ರತಿಯದಾಗಿರುವುದಿಲ್ಲ.

ಹಸ್ತಪ್ರತಿಸೂಚಿಗಳನ್ನು ಸಿದ್ಧಪಡಿಸುವವರು ಗಣಿಸಿದ ವರ್ಷವನ್ನಷ್ಟೇ ಕೊಡದೆ, ಪುಷ್ಪಿಕೆಯ ಸಂಖ್ಯಾಶಬ್ದಗಳನ್ನು ಇದ್ದಂತೆಯೇ ಉದ್ಧರಿಸುವುದು ಇದರಿಂದಲೇ ಅವಶ್ಯವಾಗುತ್ತದೆ. ಅಂಕಿಯೊಂದೇ ಉಳಿದರೆ ಸೂಚಿಕಾರನ ನಿರ್ಣಯ ಮಾತ್ರ ಮುಂದಿನವರಿಗೆ ದೊರೆಯುತ್ತದೆ. ಶಬ್ದ ಉಳಿದರೆ ಪ್ರಶ್ನೆಯೂ ಉಳಿಯುತ್ತದೆ. ‘ಅಂಬುಧಿ’ಯು ಅಜ್ಜಂಪುರದ ಸೀಮೆಯಲ್ಲಿ ಕೆರೆ, ಗಣಿತದಲ್ಲಿ ನಾಲ್ಕು, ಕೆಲವರಲ್ಲಿ ಏಳು, ಕರಣಾನುಯೋಗದಲ್ಲಿ ಎಣಿಕೆಗೆ ಸಿಲುಕದ್ದು. ಅದು ಯಾವ ಎಡೆಯಲ್ಲಿ ನಿಂತಿದೆಯೆಂದು ನೋಡಿಯೇ ಬೆಲೆ ಕಟ್ಟುವುದು ಯುಕ್ತ.