ಹಳೆಯ ಸೈಕಲ್ಲೂ ನ್ಯಾಯವಾದ ಬೆಲೆಯೂ

ಸೆಪ್ಟೆಂಬರ್ 8ರ ಹಬ್ಬ ಸಮೀಪಿಸಿದಂತೆ ದಾವಣಗೆರೆಯ ಭಕ್ತರ ಹೆಜ್ಜೆಗಳು ಹರಿಹರದ ಆರೋಗ್ಯಮಾತೆಯ ಬೆಸಿಲಿಕಾದತ್ತ ಹೊರಳುತ್ತವೆ. ದೊಡ್ಡಬಾತಿಯನ್ನು ಹಾದು ತುಂಗಭದ್ರೆಯ ದಡ ಸೇರುವ ಆ ದಾರಿ ಸುಮಾರು 14 ಕಿಲೋಮೀಟರ್. ನಮ್ಮ ಧರ್ಮಕೇಂದ್ರದ ಕೆಲವು ಯುವಕರು ಈ ಯಾತ್ರೆಯನ್ನು ಸೈಕಲ್ಲಿನಲ್ಲಿ ಕೈಗೊಳ್ಳಲು ನಿಶ್ಚಯಿಸಿ, "ಫಾದರ್, ನೀವೂ ಬರ್ರಿ" ಎಂದು ಕರೆದರು. ಐವತ್ತು ದಾಟಿದ ನಮಗೆ ಉತ್ಸಾಹವೇನೋ ಬಂದಿತು. ಸೈಕಲ್ಲು ಮಾತ್ರ ಇರಲಿಲ್ಲ.

ಬಾಗಿದ ಹ್ಯಾಂಡಲ್, ತೆಳುವಾದ ಟೈರು, ಗೇರುಗಳುಳ್ಳ ರೇಸ್ ಸೈಕಲ್ಲಿನ ಹೊಸ ಬೆಲೆ ನಮ್ಮ ಕೈಗೆ ಎಟುಕುವಂಥದ್ದಲ್ಲ. ಆದ್ದರಿಂದ ಯಾರೋ ಬಳಸಿದ್ದ ಒಂದನ್ನು ಅಗ್ಗಕ್ಕೆ ಕೊಂಡೆವು. ಬಣ್ಣ ಹೊಳೆಯುತ್ತಿತ್ತು, ನಾವು ಬಣ್ಣವನ್ನೇ ನೋಡಿದೆವು. ತೋರಿಕೆ ಬೇರೆ, ವಸ್ತುವಿನ ಸತ್ವ ಬೇರೆ ಎಂದು ಗುರುಮಠದಲ್ಲಿ ವರ್ಷಗಟ್ಟಲೆ ಓದಿದ್ದೆವು. ಆ ಓದು ಅಂಗಳದಲ್ಲಿ ನಿಂತ ಸೈಕಲ್ಲಿನ ಮುಂದೆ ನೆನಪಿಗೆ ಬರಲಿಲ್ಲ.

ಎರಡು ವಾರಗಳ ಬಳಿಕ ಪಂಕ್ಚರ್ ಹಾಕಿಸಲು ಹೋದಾಗ, ಅಂಗಡಿಯ ಹಿರಿಯರು ಮುಂಚಕ್ರ ಬಿಚ್ಚಿ, ಫೋರ್ಕಿನ ಬುಡವನ್ನು ಬಟ್ಟೆಯಿಂದ ಒರೆಸಿ ತೋರಿಸಿದರು. ಹೊಸ ಬಣ್ಣದಡಿ ಕೂದಲೆಳೆಯಂಥ ಬಿರುಕು. "ಇದನ್ನ ಹತ್ತಬ್ಯಾಡ್ರಿ ಫಾದರ್. ಇಳಿಜಾರಿನಾಗ ಮುರಿದ್ರೆ ಮುಖಾನೇ ಮೊದಲು ನೆಲಕ್ಕೆ ಬೀಳೋದು" ಎಂದರು. ಮಾರಿದವರನ್ನು ಕೇಳಿದೆವು. "ನೋಡಿಯೇ ತಗೊಂಡ್ರಲ್ಲ?" ಎಂಬುದಷ್ಟೇ ಉತ್ತರ.

ನಿಜವಾದ ಪರೀಕ್ಷೆ ಆಮೇಲೆ ಬಂದಿತು. ಹೊಸದಾಗಿ ಕೆಲಸಕ್ಕೆ ಸೇರಿದ್ದ ಯುವಕನೊಬ್ಬನು ಮಂದಿರದ ಅಂಗಳದಲ್ಲಿ ಆ ಸೈಕಲ್ಲನ್ನು ಕಂಡು, "ನಿಮಗ ಬ್ಯಾಡಾದ್ರ ನನಗ ಕೊಡ್ರಿ ಫಾದರ್, ನೀವು ಕೊಟ್ಟಷ್ಟೇ ಕೊಡ್ತೀನಿ" ಎಂದನು. "ನಾಳೆ ಹೇಳುತ್ತೇವೆ" ಎಂದೆವು. ಏಕೆ ಹಾಗೆಂದೆವು? ಬಿರುಕನ್ನು ಮುಚ್ಚಿದವರು ನಾವಲ್ಲ. ಕೊಳ್ಳುವವನು ನೋಡಿಯೇ ಕೊಳ್ಳಲಿ ಎಂಬ ಆಲೋಚನೆ ಒಳಗೆ ಸುಳಿದಿತ್ತು. ನಮ್ಮನ್ನು ನೋಯಿಸಿದ ಮಾತೇ ಈಗ ನಮ್ಮ ನಾಲಿಗೆಯ ತುದಿಗೆ ಬಂದಿತ್ತು.

ಹದಿಮೂರನೆಯ ಶತಮಾನದ ಸಂತ ತೋಮಾಸ್ ಅಕ್ವಿನಾಸರು ತಮ್ಮ 'ಸುಮ್ಮಾ' ಗ್ರಂಥದಲ್ಲಿ ಕೊಡುಕೊಳ್ಳುವಿಕೆಯ ಮೋಸಗಳನ್ನು ಕುರಿತು ಒಂದು ಪ್ರಶ್ನೆಯನ್ನೇ ಮೀಸಲಿಟ್ಟಿದ್ದಾರೆ. ಕುದುರೆಗೆ ಒಂದೇ ಕಣ್ಣಿದ್ದರೆ ಅದು ಎಲ್ಲರಿಗೂ ಕಾಣುತ್ತದೆ. ಅದಕ್ಕೆ ತಕ್ಕಂತೆ ಬೆಲೆ ಇಳಿಸಿದರೆ ಮಾರುವವನು ಬಾಯಿಬಿಟ್ಟು ಹೇಳಲೇಬೇಕೆಂದಿಲ್ಲ. ಆದರೆ ದೋಷವು ಮರೆಯಲ್ಲಿದ್ದು, ಕೊಂಡವನಿಗೆ ನಷ್ಟವನ್ನೋ ಅಪಾಯವನ್ನೋ ತರುವಂತಿದ್ದರೆ ಅದನ್ನು ತಿಳಿಸುವುದು ಅವನ ಕರ್ತವ್ಯ. ಬೀಳುವ ಮನೆಯನ್ನು ಭದ್ರವೆಂದು ಮಾರುವುದು ಅವರೇ ಕೊಡುವ ಇನ್ನೊಂದು ಉದಾಹರಣೆ. ಬಿರುಕುಬಿಟ್ಟ ಫೋರ್ಕು ಬೀಳುವ ಮನೆಯಲ್ಲದೆ ಮತ್ತೇನು?

ಮರುದಿನ ಆ ಯುವಕನಿಗೆ ಬಿರುಕನ್ನು ತೋರಿಸಿದೆವು. ಹಿಂದಿನ ದಿನವೇ ಹೇಳದಿದ್ದುದಕ್ಕೆ ಕ್ಷಮೆಯನ್ನೂ ಕೇಳಿದೆವು. ಮತ್ತಾರೂ ಬಳಸದಂತೆ ಫೋರ್ಕನ್ನು ತುಂಡು ಮಾಡಿಸಿ, ಚಕ್ರ, ಸೀಟುಗಳನ್ನು ಬಿಡಿಯಾಗಿ ಮಾರಿದೆವು. ಕೊಟ್ಟ ಹಣದ ಅರ್ಧವೂ ಮರಳಲಿಲ್ಲ. ನಿದ್ರೆ ಮಾತ್ರ ಮರಳಿತು.

ಹೊಸದಾಗಿ ಸೈಕಲ್ ಕಲಿಯುವ ಮಕ್ಕಳಿಗೆ ಹಳೆಯದನ್ನು ಕೊಡಿಸುವ ತಂದೆತಾಯಿಗಳು ನಮ್ಮ ತಪ್ಪಿನಿಂದ ಪಾಠ ಕಲಿಯಬಹುದು. ಮೊದಲು ಅಳತೆ: ಫ್ರೇಮಿನ ಮೇಲಿನ ಕಂಬಿಯ ಎರಡೂ ಬದಿ ಕಾಲಿಟ್ಟು ನಿಂತಾಗ ಪಾದಗಳು ಪೂರ್ತಿಯಾಗಿ ನೆಲ ಮುಟ್ಟಿ, ಕಂಬಿಗೂ ದೇಹಕ್ಕೂ ನಡುವೆ ಒಂದೆರಡು ಬೆರಳಿನ ಅಂತರವಿರಲಿ. ಅಳತೆ ತಪ್ಪಿದ ಸೈಕಲ್ಲು ಪುಕ್ಕಟೆ ಸಿಕ್ಕರೂ ದುಬಾರಿಯೇ. ಬಳಿಕ ಫ್ರೇಮಿನ ಬೆಸುಗೆಗಳನ್ನೂ ಫೋರ್ಕನ್ನೂ ಹಗಲು ಬೆಳಕಿನಲ್ಲಿ ನೋಡಿರಿ. ಒಂದೇ ಕಡೆ ಹೊಸ ಬಣ್ಣವಿದ್ದರೆ ಕಾರಣ ಕೇಳಿರಿ. ಚಕ್ರವನ್ನು ಎತ್ತಿ ತಿರುಗಿಸಿದಾಗ ರಿಮ್ಮು ಅತ್ತಿತ್ತ ಓಲಾಡಬಾರದು. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆಮುಂದೆ ಜಗ್ಗಿದಾಗ ಹ್ಯಾಂಡಲಿನ ಬುಡದಲ್ಲಿ ಸಡಿಲು ಕಾಣಬಾರದು. ಹೊಸ ಚೈನಿನಲ್ಲಿ 24 ಕೊಂಡಿಗಳು ಸರಿಯಾಗಿ 12 ಅಂಗುಲ ಬರುತ್ತವೆ. ಅಂಗುಲದ ಹದಿನಾರನೆಯ ಒಂದು ಭಾಗ ಹೆಚ್ಚಿದ್ದರೆ ಚೈನು ಸವೆದಿದೆ, ಎಂಟನೆಯ ಒಂದು ಭಾಗ ಹೆಚ್ಚಿದ್ದರೆ ಹಲ್ಲುಚಕ್ರಗಳೂ ಸವೆದಿರುವ ಸಂಭವವುಂಟು. ಚೈನು, ಟೈರು, ಬ್ರೇಕ್ ರಬ್ಬರುಗಳನ್ನು ಬದಲಾಯಿಸಬಹುದು. ಅವುಗಳ ವೆಚ್ಚವನ್ನು ಬೆಲೆಗೆ ಸೇರಿಸಿ ಲೆಕ್ಕ ಹಾಕಿರಿ. ಫ್ರೇಮು ಬಿರುಕುಬಿಟ್ಟಿದ್ದರೆ ಬಿಟ್ಟುಬನ್ನಿರಿ. ಖರೀದಿಯ ರಸೀದಿಯನ್ನೂ ಕೇಳಿರಿ. ಕದ್ದ ಮಾಲೆಂದು ಸಂಶಯವಿದ್ದರೂ ಅಗ್ಗವೆಂದು ಕೊಳ್ಳುವುದು ಏಳನೆಯ ಕಟ್ಟಳೆಗೆ ವಿರುದ್ಧ.

ಇಟಲಿಯ ಕೋಮೊ ಸರೋವರದ ಬಳಿಯ ಬೆಟ್ಟವೊಂದರಲ್ಲಿ ಗಿಸಾಲ್ಲೋ ಮಾತೆಯ ಪುಟ್ಟ ದೇವಾಲಯವಿದೆ. ಆ ಮಾತೆಯನ್ನು ವಿಶ್ವಗುರು ಹನ್ನೆರಡನೆಯ ಪಿಯುಸರು 1949ರಲ್ಲಿ ಸೈಕಲ್ ಸವಾರರ ಪಾಲಕಿಯೆಂದು ಘೋಷಿಸಿದರು. ಅಲ್ಲಿರುವ ಸೈಕಲ್ಲುಗಳಲ್ಲಿ ಜೀನೊ ಬಾರ್ತಲಿಯವರದೂ ಒಂದು. 1938 ಮತ್ತು 1948ರಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದ ಈ ಭಕ್ತರು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಯೆಹೂದ್ಯರನ್ನು ಉಳಿಸುವ ಗುರುತುಪತ್ರಗಳನ್ನು ಸೈಕಲ್ಲಿನ ಕೊಳವೆಯೊಳಗೆ ಅಡಗಿಸಿ, ಅಭ್ಯಾಸದ ನೆಪದಲ್ಲಿ ಫ್ಲಾರೆನ್ಸ್ ಮತ್ತು ಅಸಿಸಿಗಳ ನಡುವೆ ಸಾಗಿಸಿದರು. ಅದನ್ನು ಹೇಳಿಕೊಂಡು ತಿರುಗಲಿಲ್ಲ. ತೀರಿಕೊಂಡದ್ದು 2000ದಲ್ಲಿ, ಇಸ್ರೇಲಿನ ಯಾದ್ ವಾಶೆಮ್ ಅವರನ್ನು ಗೌರವಿಸಿದ್ದು 2013ರಲ್ಲಿ. ಸೈಕಲ್ಲಿನೊಳಗೆ ಅವರೂ ಒಂದನ್ನು ಬಚ್ಚಿಟ್ಟರು, ನಮಗೆ ಮಾರಿದವರೂ ಒಂದನ್ನು ಬಚ್ಚಿಟ್ಟರು. ಒಂದು ಪರರ ಪ್ರಾಣ ಉಳಿಸಲು, ಇನ್ನೊಂದು ತಮ್ಮ ಹಣ ಉಳಿಸಲು.

ಪ್ರಿಯ ಕುಟುಂಬಗಳೇ, ಸೈಕಲ್ಲಾಗಲಿ, ಎಮ್ಮೆಯಾಗಲಿ, ಮನೆಯ ಹಳೆಯ ಫ್ರಿಜ್ಜಾಗಲಿ, ಮಾರುವ ಮುನ್ನ ಅದರ ದೋಷವನ್ನು ನಾವೇ ಮೊದಲು ಹೇಳೋಣ. ಈ ಬಾರಿ ನಾವು ಹರಿಹರಕ್ಕೆ ನಡೆದೇ ಹೋಗುತ್ತೇವೆ. ಸೈಕಲ್ಲಿನಲ್ಲಿ ಬರುವ ಮಕ್ಕಳು ದೊಡ್ಡಬಾತಿಯ ಬಳಿ ನಮ್ಮನ್ನು ಹಿಂದಿಕ್ಕುವಾಗ ಒಮ್ಮೆ ಗಂಟೆ ಬಾರಿಸಲಿ. ಅವರ ಫೋರ್ಕುಗಳು ಗಟ್ಟಿಯಾಗಿರಲೆಂದು ನಾವು ಜಪಸರದ ಒಂದು ಮಣಿಯನ್ನು ಅವರಿಗಾಗಿ ಜಪಿಸುತ್ತೇವೆ.