ಚರ್ಚಿಲ್ ವಿರೋಧಿಸಿದ ಯುದ್ಧಚಿತ್ರ ಇಂದಿಗೂ ಉಳಿದದ್ದೇಕೆ?

ಎರಡನೇ ಮಹಾಯುದ್ಧದ ಕಾಲದ ಬ್ರಿಟಿಷ್ ಚಿತ್ರಗಳಲ್ಲಿ ‘ದಿ ಲೈಫ್ ಅಂಡ್ ಡೆತ್ ಆಫ್ ಕರ್ನಲ್ ಬ್ಲಿಂಪ್’ (1943) ವಿಶಿಷ್ಟವಾದುದು. ಮೈಕೆಲ್ ಪೊವೆಲ್ ಮತ್ತು ಎಮೆರಿಕ್ ಪ್ರೆಸ್‌ಬರ್ಗರ್ ಜೋಡಿಯ ಈ ವರ್ಣಚಿತ್ರವನ್ನು ತಡೆಯುವಂತೆ 1942ರಲ್ಲಿ ಸ್ವತಃ ಪ್ರಧಾನಿ ವಿನ್‌ಸ್ಟನ್ ಚರ್ಚಿಲ್ ಅವರೇ ವಾರ್ತಾ ಸಚಿವ ಬ್ರೆಂಡನ್ ಬ್ರಾಕನ್ ಅವರಿಗೆ ಬರೆದಿದ್ದರು. ಸೇನೆಯ ಸ್ಥೈರ್ಯಕ್ಕೆ ಧಕ್ಕೆಯಾದೀತೆಂಬುದು ಅವರ ಆತಂಕ. ನಾಯಕನ ಪಾತ್ರಕ್ಕಾಗಿ ಲಾರೆನ್ಸ್ ಒಲಿವಿಯರ್ ಅವರನ್ನು ನೌಕಾಪಡೆಯ ಸೇವೆಯಿಂದ ಬಿಡಲು ಒಪ್ಪಿಗೆ ದೊರೆಯಲಿಲ್ಲ. ಪಾತ್ರ ರೋಜರ್ ಲಿವ್ಸೆ ಪಾಲಾಯಿತು. ಆದರೂ ಚಿತ್ರ ತೆರೆ ಕಂಡಿತು.

ಆಕ್ಷೇಪದ ಮೂಲ ಕಥೆಯಲ್ಲೇ ಇದೆ. ಯುದ್ಧಕ್ಕೂ ಮರ್ಯಾದೆಯ ನಿಯಮಗಳಿವೆ ಎಂದು ನಂಬಿದ ಹಳೆಯ ಕಾಲದ ಬ್ರಿಟಿಷ್ ಸೇನಾಧಿಕಾರಿ ಕ್ಲೈವ್ ಕ್ಯಾಂಡಿ. ನಾಜಿ ಜರ್ಮನಿಯನ್ನು ತೊರೆದು ಇಂಗ್ಲೆಂಡಿಗೆ ಬಂದ ಅವನ ಬಹುಕಾಲದ ಗೆಳೆಯ ಥಿಯೋ, ಈ ಶತ್ರುವಿನ ಮುಂದೆ ಆ ನಿಯಮಗಳು ನಡೆಯವೆಂದು ಎಚ್ಚರಿಸುತ್ತಾನೆ. ಯುದ್ಧ ನಡೆಯುತ್ತಿರುವಾಗಲೇ ಜರ್ಮನ್ನನೊಬ್ಬನ ಬಾಯಲ್ಲಿ ವಿವೇಕದ ಮಾತು ಆಡಿಸುವುದು ಸಣ್ಣ ಧೈರ್ಯವಲ್ಲ. ನಾಜಿಗಳಿಂದಾಗಿ ಬರ್ಲಿನ್ ತೊರೆದಿದ್ದ ಹಂಗೇರಿ ಮೂಲದ ಯಹೂದಿ ಪ್ರೆಸ್‌ಬರ್ಗರ್ ಅವರಿಗೆ ವಲಸಿಗನ ನೋವು ಸ್ವಾನುಭವವಾಗಿತ್ತು.

ಮುಂದೆ ಕತ್ತರಿಗೆ ಸಿಲುಕಿದ 163 ನಿಮಿಷಗಳ ಈ ಚಿತ್ರ 1980ರ ದಶಕದಲ್ಲಿ ಪೂರ್ಣರೂಪಕ್ಕೆ ಮರಳಿತು. ಶತ್ರುವನ್ನು ಹಳಿಯುವುದು ಸುಲಭ. ಸಂಕಟದ ವೇಳೆಯಲ್ಲಿ ತನ್ನವರನ್ನೇ ಪ್ರಶ್ನಿಸಿ, ಅವರನ್ನು ಪ್ರೀತಿಸುವುದನ್ನೂ ಬಿಡದಿರುವುದು ಕಷ್ಟ. ಚಿತ್ರದ ಬಾಳಿಕೆಯ ಗುಟ್ಟು ಅಲ್ಲಿದೆ.